ಗಣಿತ ವಿಭಾಗದ ಸಹಾಯಕ ಪ್ರಾಧ್ಯಾಪಕ ಹುದ್ದೆ: ಅರ್ಜಿಯಿಂದ ಸಂದರ್ಶನದವರೆಗೆ

ಪ್ರಶ್ನೆ (ಚಳ್ಳಕೆರೆ): ಮೇಡಂ, ನಮಸ್ಕಾರ. ಬಿ.ಎಸ್ಸಿ. 72%, ಎಂ.ಎಸ್ಸಿ. ಗಣಿತ 68%, ಕೆಸೆಟ್ (ರಾಜ್ಯಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆ) ಆಗಿದೆ. ಪಿಎಚ್‌ಡಿ ಪ್ರಬಂಧ ಸಲ್ಲಿಸಿದ್ದೇನೆ, ವೈವಾ (ಮೌಖಿಕ ಪರೀಕ್ಷೆ) ಬಾಕಿ ಇದೆ. ಮೂರು ಲೇಖನ ಪ್ರಕಟವಾಗಿವೆ, ಎರಡು ವರ್ಷ ಪಾಠ ಮಾಡಿದ ಅನುಭವವಿದೆ. ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಅರ್ಜಿ ಕರೆದರೆ ಹಾಕಬಹುದಾ? ಸಂದರ್ಶನಕ್ಕೆ ಕರೆ ಬರುತ್ತದಾ?

ಉತ್ತರ (ಗಣಿತ ಪ್ರಾಧ್ಯಾಪಕಿ, ದಾವಣಗೆರೆ): ಖಂಡಿತ ಹಾಕಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಕ್ಕೆ 2023ರ ಜುಲೈನಲ್ಲಿ ತಂದ ತಿದ್ದುಪಡಿಯ ಪ್ರಕಾರ ಸ್ನಾತಕೋತ್ತರದಲ್ಲಿ 55% ಮತ್ತು ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ಕೆಸೆಟ್‌ನಂಥ ರಾಜ್ಯಮಟ್ಟದ್ದು) ಇದ್ದರೆ ಅರ್ಹತೆ ಬಂತು, ಪಿಎಚ್‌ಡಿ ಕಡ್ಡಾಯವಲ್ಲ. ಆದರೆ ಅರ್ಹತೆ ಬೇರೆ, ಕರೆ ಬರುವುದು ಬೇರೆ. ಯಾರನ್ನು ಕರೆಯಬೇಕು ಅನ್ನುವುದಕ್ಕೆ ಅದೇ ನಿಯಮದಲ್ಲಿ 100 ಅಂಕದ ಕೋಷ್ಟಕ ಇದೆ, '3ಎ' ಅಂತ. ನಿಮ್ಮ ಲೆಕ್ಕ ಹಾಕೋಣ. ಪದವಿಗೆ 13, ಸ್ನಾತಕೋತ್ತರಕ್ಕೆ 23 (ಎರಡರಲ್ಲೂ 60ರಿಂದ 80ರೊಳಗೆ ಇದ್ದೀರಿ), ಕೆಸೆಟ್‌ಗೆ 3, ಲೇಖನಕ್ಕೆ ಎರಡರಂತೆ 6, ಅನುಭವಕ್ಕೆ ವರ್ಷಕ್ಕೆ ಎರಡರಂತೆ 4. ಒಟ್ಟು 49. ಪಿಎಚ್‌ಡಿಗೆ 30 ಅಂಕ, ಅದು ಸೇರಿದರೆ 79. ನೆಟ್ ಆಗಿದ್ದರೆ 3ರ ಬದಲು 5, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಮೇತ ಆಗಿದ್ದರೆ 7. ಲೇಖನ, ಅನುಭವ ಎರಡಕ್ಕೂ ತಲಾ 10 ಅಂಕವೇ ಮಿತಿ. ಹಾಗಾಗಿ ಆರನೆಯ ಲೇಖನದಿಂದ ಈ ಪಟ್ಟಿಯಲ್ಲಿ ಏನೂ ಏರುವುದಿಲ್ಲ. ಸದ್ಯಕ್ಕೆ ಇನ್ನೊಂದು ಲೇಖನ ಬರೆಯುವುದಕ್ಕಿಂತ ವೈವಾ ಮುಗಿಸುವುದೇ ನಿಮಗೆ ಹೆಚ್ಚು ಫಲ ಕೊಡುವ ಕೆಲಸ.

ಉತ್ತರ (ನೇಮಕಾತಿ ಶಾಖೆಯ ಕೆಲಸ ಬಲ್ಲವರು, ಚಿತ್ರದುರ್ಗ): ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ವೈವಾ ಆದ ದಿನಕ್ಕೇ ಪಿಎಚ್‌ಡಿ ಬಂತು ಅಂದುಕೊಳ್ಳಬೇಡಿ. ಕಚೇರಿ ನೋಡುವುದು ಪದವಿ ಪ್ರದಾನವಾಗಿದೆ ಎಂಬ ಅಧಿಸೂಚನೆ ಅಥವಾ ತಾತ್ಕಾಲಿಕ ಪದವಿ ಪ್ರಮಾಣಪತ್ರದ ದಿನಾಂಕವನ್ನು. ಅದು ಅರ್ಜಿಯ ಕೊನೆಯ ದಿನದೊಳಗೆ ಇರಬೇಕು. ಪರಿಶೀಲನೆಯಲ್ಲಿ ಹೆಚ್ಚು ಅರ್ಜಿಗಳು ಬಿದ್ದುಹೋಗುವುದು ಇಂಥ ದಿನಾಂಕಗಳಲ್ಲೇ. ಜಾತಿ ಪ್ರಮಾಣಪತ್ರಕ್ಕೂ ಅನುಭವ ಪತ್ರಕ್ಕೂ ಇದೇ ಮಾತು. "ಆಮೇಲೆ ತಂದುಕೊಡುತ್ತೇನೆ" ಅಂದರೆ ನಡೆಯುವುದಿಲ್ಲ. ವೈವಾ ಮುಗಿದ ವಾರವೇ ಪರೀಕ್ಷಾ ವಿಭಾಗದಲ್ಲಿ ಕಡತ ಯಾರ ಟೇಬಲ್ ಮೇಲಿದೆ ಅಂತ ವಿಚಾರಿಸಿ.

ಪ್ರಶ್ನೆ (ಹರಿಹರ): ಸರ್, ಅಧಿಸೂಚನೆಯಲ್ಲಿ ಗಣಿತಕ್ಕೆ ಒಂದೇ ಹುದ್ದೆ, ಎದುರಿಗೆ "2ಎ-ಗ್ರಾಮೀಣ" ಅಂತ ಇದ್ದರೆ ಬೇರೆಯವರು ಹಾಕಬಹುದಾ? ನನ್ನದು 3ಬಿ.

ಉತ್ತರ (ಚಿತ್ರದುರ್ಗ): ಆ ಹುದ್ದೆಗೆ ಆಗುವುದಿಲ್ಲ. ಯಾವ ಹುದ್ದೆ ಯಾವ ಪ್ರವರ್ಗಕ್ಕೆ ಅನ್ನುವುದು ರೋಸ್ಟರ್ ಬಿಂದುವಿನಂತೆ (ಮೀಸಲಾತಿಯ ಸರದಿ ಪಟ್ಟಿಯಂತೆ) ಮೊದಲೇ ನಿಗದಿಯಾಗಿರುತ್ತದೆ. "ಸಾಮಾನ್ಯ" ಅಂತ ಇದ್ದರೆ ಎಲ್ಲರೂ ಹಾಕಬಹುದು. ಹಾಗಾಗಿ ಅಧಿಸೂಚನೆ ಬಂದ ಕೂಡಲೇ ಶುಲ್ಕ ಕಟ್ಟಲು ಹೋಗದೆ ಮೊದಲು ಆ ಒಂದು ಸಾಲು ಓದಿ. ಬ್ಯಾಕ್‌ಲಾಗ್ (ಹಿಂದೆ ಭರ್ತಿಯಾಗದೆ ಉಳಿದ ಮೀಸಲು) ಹುದ್ದೆಗಳಿಗೆ ಬೇರೆಯೇ ಅಧಿಸೂಚನೆ ಬರುತ್ತದೆ, ಅದನ್ನೂ ಗಮನಿಸಿ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ನಡುವೆ ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಇದಕ್ಕೆ ತಿರುಗಾಟ ಜಾಸ್ತಿ, ಈಗಲೇ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ವಿಷಯ. 2ಎ, 3ಬಿ ಎಲ್ಲ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹಾಕುವುದಾದರೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ, ಅದರ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಬೇಕು. ಕೆಸೆಟ್ ಕೂಡ ಅಲ್ಲಿ ನಡೆಯುವುದಿಲ್ಲ. ಅದರ ಮಾನ್ಯತೆ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಮಾತ್ರ.

ಪ್ರಶ್ನೆ (ಹೊಳಲ್ಕೆರೆ): ಮೇಡಂ, ಹಾಗಾದರೆ ಕೆಸೆಟ್ ಬಿಟ್ಟು ಸಿಎಸ್‌ಐಆರ್ ನೆಟ್‌ಗೇ (ವಿಜ್ಞಾನ ವಿಷಯಗಳ ನೆಟ್) ಓದುವುದು ಒಳ್ಳೆಯದಾ?

ಉತ್ತರ (ದಾವಣಗೆರೆ): ಎರಡನ್ನೂ ಬರೆಯಿರಿ, ಆದರೆ ಓದುವ ರೀತಿ ಒಂದೇ ಅಲ್ಲ. ಕೆಸೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, ಗಣಿತದ ಪತ್ರಿಕೆ 100 ಪ್ರಶ್ನೆ, ಒಂದೊಂದಕ್ಕೆ 2 ಅಂಕ, ತಪ್ಪಿಗೆ ಕಡಿತವಿಲ್ಲ. ಅಲ್ಲಿ ಒಂದು ಪ್ರಶ್ನೆಯನ್ನೂ ಬಿಟ್ಟು ಬರಬಾರದು. ಸಿಎಸ್‌ಐಆರ್‌ನ 200 ಅಂಕದಲ್ಲಿ 95 ಅಂಕ 'ಸಿ' ಭಾಗದ್ದು: 60 ಪ್ರಶ್ನೆ ಕೊಟ್ಟು 20 ಆರಿಸಿಕೊಳ್ಳಿ ಅನ್ನುತ್ತಾರೆ, ಒಂದೊಂದಕ್ಕೆ 4.75. ಅದರಲ್ಲಿ ಸರಿಯುತ್ತರ ಒಂದಕ್ಕಿಂತ ಹೆಚ್ಚಿರಬಹುದು, ಅಷ್ಟನ್ನೂ ಗುರುತಿಸಿದರೆ ಮಾತ್ರ ಅಂಕ. ಪ್ರಮೇಯವನ್ನು ಬಾಯಿಪಾಠ ಮಾಡಿದವರು ಇಲ್ಲಿ ನಿಂತುಬಿಡುತ್ತಾರೆ. ಪ್ರತಿ ಪ್ರಮೇಯದ ಒಂದೊಂದು ಷರತ್ತು ಕಿತ್ತುಹಾಕಿ, ಅದು ಎಲ್ಲಿ ಮುರಿಯುತ್ತದೆ ಅಂತ ಉದಾಹರಣೆ ಹುಡುಕುವ ಅಭ್ಯಾಸ ಮಾಡಿ. ಲೀನಿಯರ್ ಆಲ್ಜಿಬ್ರಾ ಮತ್ತು ರಿಯಲ್ ಅನಾಲಿಸಿಸ್ ಗಟ್ಟಿ ಇದ್ದರೆ ಅರ್ಧ ದಾರಿ ಕಳೆದಂತೆ.

ಪ್ರಶ್ನೆ (ಚಳ್ಳಕೆರೆ): 79 ಅಂಕ ಬಂದರೆ ಕೆಲಸ ಗ್ಯಾರಂಟಿನಾ ಮೇಡಂ?

ಉತ್ತರ (ದಾವಣಗೆರೆ): ಇಲ್ಲ. ಆ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಆಯ್ಕೆ ನಡೆಯುವುದು ಸಂದರ್ಶನದಲ್ಲಿ ನೀವು ತೋರಿಸುವುದರ ಮೇಲೆಯೇ ಅಂತ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಒಳಗೆ ಹೋದ ಮೇಲೆ 79ರವರೂ 65ರವರೂ ಒಂದೇ.

ಅಲ್ಲಿ ಪಾಠ ಮಾಡಿ ತೋರಿಸಿ ಅಂದಾಗ ತುಂಬಾ ಜನ ತಮ್ಮ ಸಂಶೋಧನೆಯ ಕಷ್ಟದ ಭಾಗ ತೆಗೆದುಕೊಳ್ಳುತ್ತಾರೆ. ಅದು ಬೇಡ, ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನ ವಿಷಯ ಸಾಕು. ಯೂನಿಫಾರ್ಮ್ ಕನ್ವರ್ಜೆನ್ಸ್ (ಫಲನಗಳ ಸಾಲು ಎಲ್ಲ ಬಿಂದುಗಳಲ್ಲೂ ಒಟ್ಟಿಗೇ ಮಿತಿಗೆ ಹತ್ತಿರವಾಗುವುದು) ಅಂತಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಎಪ್ಸಿಲಾನ್ ಬರೆಯುವ ಮೊದಲು ಎಕ್ಸ್‌ನ ಎನ್‌ನೇ ಘಾತದ ನಾಲ್ಕು ವಕ್ರರೇಖೆ ಎಳೆಯಿರಿ, 0ಯಿಂದ 1ರವರೆಗೆ. ಮಿತಿಯ ಫಲನ 1ರಲ್ಲಿ ಹಾರುತ್ತದೆ, ಆದ್ದರಿಂದ ಯೂನಿಫಾರ್ಮ್ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕೂಡಲೇ ತಜ್ಞರು ಕೇಳುವುದು: "1 ಎಂಬ ಬಿಂದುವನ್ನೇ ತೆಗೆದುಬಿಟ್ಟರೆ?" ಈಗ ಮಿತಿ ಎಲ್ಲ ಕಡೆ 0, ನಿರಂತರವೇ. ಅದಕ್ಕೇ ಸರಿಹೋಯಿತು ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. 1ರ ಹತ್ತಿರ ಹೋದಷ್ಟೂ ಬೆಲೆ 1ರ ಹತ್ತಿರವೇ ಇರುತ್ತದೆ, ಎನ್ ಎಷ್ಟಾದರೂ ಸುಪ್ರೀಮಮ್ (ಬೆಲೆಗಳ ಮೇಲಿನ ಗಡಿ) 1 ಆಗಿಯೇ ಉಳಿಯುತ್ತದೆ. ಹಾಗಾಗಿ ಈಗಲೂ ಯೂನಿಫಾರ್ಮ್ ಅಲ್ಲ. 0ಯಿಂದ 0.9ರವರೆಗೆ ಮಾತ್ರ ತೆಗೆದುಕೊಂಡರೆ ಸುಪ್ರೀಮಮ್ 0.9ರ ಎನ್‌ನೇ ಘಾತ, ಅದು ಸೊನ್ನೆಗೆ ಇಳಿಯುತ್ತದೆ, ಅಲ್ಲಿ ಯೂನಿಫಾರ್ಮ್. ಈ ಮೂರು ಹೆಜ್ಜೆಯನ್ನು ಹತ್ತು ನಿಮಿಷದಲ್ಲಿ ಸಮಾಧಾನವಾಗಿ ತೋರಿಸಿದವರಿಗೆ ಪಾಠ ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ.

ಪ್ರಶ್ನೆ (ಹರಿಹರ): ಅತಿಥಿ ಉಪನ್ಯಾಸಕರ ಅನುಭವ ಎಣಿಸುತ್ತಾರಾ?

ಉತ್ತರ (ಚಿತ್ರದುರ್ಗ): ಎಲ್ಲ ಕಡೆ ಎಣಿಸುವುದಿಲ್ಲ. ಹಿಂದಿನ ತಾತ್ಕಾಲಿಕ ಸೇವೆ ಪರಿಗಣಿಸಲು ಯುಜಿಸಿ ಷರತ್ತುಗಳಿವೆ: ಆಗಲೇ ಅರ್ಹತೆ ಇರಬೇಕು, ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ವೇತನ ಕಾಯಂ ಅಧ್ಯಾಪಕರ ಒಟ್ಟು ಮಾಸಿಕ ವೇತನಕ್ಕಿಂತ ಕಡಿಮೆ ಇರಬಾರದು. ಗಂಟೆ ಲೆಕ್ಕದ ಅತಿಥಿ ಸೇವೆ ಮೂರನೆಯದರಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೂ ಬಿಡಬೇಡಿ. ನೇಮಕಾತಿ ಆದೇಶ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರದ ಕಾರ್ಯಭಾರ, ಸಂಭಾವನೆ ಎಲ್ಲ ನಮೂದಾದ ಸೇವಾ ಪ್ರಮಾಣಪತ್ರ ಲಗತ್ತಿಸಿ. "ತೃಪ್ತಿಕರವಾಗಿ ಸೇವೆ ಸಲ್ಲಿಸಿದ್ದಾರೆ" ಎಂಬ ಒಂದು ಸಾಲಿನ ಪತ್ರಕ್ಕೆ ಬೆಲೆ ಇಲ್ಲ. ಈಗ ಕೆಲಸದಲ್ಲಿದ್ದರೆ ಅರ್ಜಿಯ ಜೊತೆಗೇ ನಿರಾಕ್ಷೇಪಣಾ ಪತ್ರಕ್ಕೂ ಬರೆದುಕೊಡಿ, ಆಡಳಿತ ಮಂಡಳಿಯ ಸಹಿಗೆ ದಿನ ಹಿಡಿಯುತ್ತದೆ.

ಪ್ರಶ್ನೆ (ಹೊಳಲ್ಕೆರೆ): ಲೇಖನದಲ್ಲಿ ನನ್ನ ಹೆಸರು ಮೂರನೆಯದು. ಅಂಕ ಕಡಿಮೆಯಾಗುತ್ತದಾ?

ಉತ್ತರ (ದಾವಣಗೆರೆ): 3ಎ ಕೋಷ್ಟಕದಲ್ಲಿ ಆಗುವುದಿಲ್ಲ, ಲೇಖನಕ್ಕೆ ನೇರ 2. ಮುಂದೆ ಸಹ ಪ್ರಾಧ್ಯಾಪಕ ಹುದ್ದೆಗೆ ಹೋದಾಗ ಆಗುತ್ತದೆ. ಅಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ, ಮುಖ್ಯ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ (ಪತ್ರಿಕೆಯ ಜೊತೆ ಪತ್ರವ್ಯವಹಾರ ಮಾಡುವವರು) ಲೇಖನದ ಅಂಕದ 70%, ಉಳಿದವರಿಗೆ ತಲಾ 30%. ಗಣಿತದಲ್ಲಿ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕುವ ಪದ್ಧತಿ ಇರುವುದರಿಂದ ಇದು ಅನ್ಯಾಯವೇ. ಕೆಲಸದ ಹೆಚ್ಚಿನ ಪಾಲು ನಿಮ್ಮದಾಗಿದ್ದರೆ ಕರೆಸ್ಪಾಂಡಿಂಗ್ ಲೇಖಕರಾಗಿ ನಿಮ್ಮ ಹೆಸರು ಹಾಕಿಸಿ, ಲೇಖನ ಕಳಿಸುವ ಮೊದಲೇ ಮಾರ್ಗದರ್ಶಕರ ಹತ್ತಿರ ಈ ಮಾತು ಆಗಿರಲಿ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ತಂಟೆಗೆ ಹೋಗಬೇಡಿ. ಯುಜಿಸಿ ಒಪ್ಪಿತ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ, ಈಗ ಪತ್ರಿಕೆಯ ಗುಣಮಟ್ಟ ನೋಡುವ ಹೊಣೆ ಆಯಾ ಸಂಸ್ಥೆಯದು. ಮ್ಯಾಥ್‌ಸೈನೆಟ್‌ನಲ್ಲಿ (ಗಣಿತ ಪ್ರಕಟಣೆಗಳ ಆನ್‌ಲೈನ್ ಸೂಚಿ) ಪತ್ರಿಕೆಯ ಹೆಸರು ಇದೆಯಾ, ಅಲ್ಲಿ ಬರೆಯುವವರು ಯಾರು, ಲೇಖನ ಬಂದ ದಿನಕ್ಕೂ ಒಪ್ಪಿದ ದಿನಕ್ಕೂ ಎಷ್ಟು ಅಂತರ ಇದೆ ಅಂತ ನೋಡಿ ಕಳಿಸಿ.