ಪದ್ಮಿನಿ ಫ್ಲೋರ್‌ಗೆ ತುಕ್ಕು: ಪುಟ್ಟಿ ಸಾಕಾ, ಕತ್ತರಿಸಬೇಕಾ?

ಪ್ರಶ್ನೆ:
ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರು. ಮನೆ ಮಲ್ಪೆ ಹತ್ತಿರ, ಉಪ್ಪುಗಾಳಿ ತಪ್ಪಿದ್ದಲ್ಲ. ಡ್ರೈವರ್ ಕಡೆಯ ಮ್ಯಾಟ್ ಎತ್ತಿದರೆ ಅಡಿಯೆಲ್ಲ ಒದ್ದೆ. ತಗಡು ಹಪ್ಪಳದ ಹಾಗೆ ಪದರ ಪದರವಾಗಿ ಕೈಗೆ ಬರುತ್ತಿದೆ. ಬಾಗಿಲ ಕೆಳ ಅಂಚಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ಟಿಂಕರ್ ಒಬ್ಬರು ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಆಯ್ತು ಅಂದರು. ಒಪ್ಪಬಹುದಾ?

ಉತ್ತರ:
ಬೇಡ ಮಾರಾಯ್ರೇ! ತುಕ್ಕಿನ ಮೇಲೆ ಹಾಕಿದ ಪುಟ್ಟಿ ನೀರು ಹೀರುತ್ತದೆ, ಒಳಗೆ ತಗಡು ಕೊಳೆಯುತ್ತಲೇ ಇರುತ್ತದೆ.

ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುವುದು. ಹಾಗಾಗಿ ಬಾಗಿಲ ಕೆಳಗಿನ ಉದ್ದನೆ ಪಟ್ಟಿ, ಜಾಕಿ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಇವನ್ನು ಮೊದಲು ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಆಮೇಲೆ ತುದಿಯಿಂದ ಒತ್ತಿ. ಮ್ಯಾಗ್ನೆಟ್ ಕಚ್ಚದ ಕಡೆ ಯಾರೋ ಹಿಂದೆಯೇ ಪುಟ್ಟಿ ತುಂಬಿದ್ದಾರೆ ಅಂತ ತಿಳಿಯಿರಿ.

ಪ್ರಶ್ನೆ ಕೇಳಿದವರು:
ನೋಡಿದೆ. ಫ್ಲೋರಲ್ಲಿ ಅಂಗೈ ಅಗಲದ ಜಾಗದಲ್ಲಿ ಸ್ಕ್ರೂಡ್ರೈವರ್ ತೂರಿಯೇ ಹೋಯಿತು. ಉಳಿದ ಮೂರೂ ಜಾಗ ಗಟ್ಟಿ ಇವೆ. ಬಾಗಿಲಲ್ಲಿ ತೂತಿಲ್ಲ.

ಉತ್ತರ:
ಹಾಗಾದರೆ ಗಾಡಿ ಉಳಿಯುತ್ತದೆ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ, 1 ಮಿ.ಮೀ. ಆಸುಪಾಸಿನ ಹೊಸ ಶೀಟ್ ವೆಲ್ಡ್ ಮಾಡಿಸಿ. ಹಳೇ ತಗಡಿನ ಮೇಲೆ ಸುಮ್ನೆ ತೇಪೆ ಕೂರಿಸಲು ಬಿಡಬೇಡಿ, ಎರಡರ ನಡುವೆ ನೀರು ನಿಲ್ಲುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕಳಚಿ, ಸೀಟು ಹೊರಗಿಡಿ. ಜೋಡಣೆಯ ಸಂದಿಗೆ ನೀರು ನುಗ್ಗದಂತೆ ಸೀಲರ್ ಬೇಕೇ ಬೇಕು.

ಬಾಗಿಲ ಗುಳ್ಳೆ ಜಾಸ್ತಿ ಒಳಗಿಂದಲೇ ಬರುವುದು. ಕೆಳ ಅಂಚಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ, ಕಸ ಕಟ್ಟಿರುತ್ತದೆ. ತಂತಿ ಹಾಕಿ ಬಿಡಿಸಿ. ಗುಳ್ಳೆ ಇದ್ದ ಕಡೆ ಹೊಳೆಯುವ ಲೋಹ ಕಾಣುವಷ್ಟು ಉಜ್ಜಿ, ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ನಿಮ್ಮ ಕಡೆ ಒಂದು ರಾತ್ರಿ ಬಿಟ್ಟರೂ ಮತ್ತೆ ಕೆಂಪಾಗುತ್ತದೆ. ಪ್ರೈಮರ್‌ಗೆ ಮೊದಲು, ಗುಳಿಯಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರ ಮಾಡುವ ದ್ರವ) ಹಚ್ಚಿ, ಕಪ್ಪಾದ ಮೇಲೆ ಒರೆಸಿ ಒಣಗಿಸಿ.

ಅಂದ ಹಾಗೆ, ಮ್ಯಾಟ್ ಅಡಿಗೆ ನೀರು ಬಂದದ್ದೆಲ್ಲಿಂದ? ಒಬ್ಬರು ಗಾಜಿನ ಮೇಲೆ ನೀರು ಬಿಡಲಿ, ನೀವು ಒಳಗೆ ಟಾರ್ಚ್ ಹಿಡಿದು ಕೂರಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಅಲ್ಲಿಂದ ಹನಿ ಹನಿ ಇಳಿಯುತ್ತಿದೆ.

ಉತ್ತರ:
ಬೀಡಿಂಗ್ ಬಿಚ್ಚಿದಾಗ ಅದರ ಅಡಿಯ ಅಂಚನ್ನೂ ಒತ್ತಿ ನೋಡಿ, ಅಲ್ಲೂ ತುಕ್ಕು ಇರಬಹುದು. ಸೋರುವುದು ನಿಂತ ಮೇಲೆಯೇ ಫ್ಲೋರಿಗೆ ಕೈ ಹಾಕಿ.