ಸ್ವಯಂ ಕೋರ್ಸ್: ಅಸೈನ್‌ಮೆಂಟ್ ಕಳಿಸಿದ್ರೂ ಫೋನ್‌ನ್ಯಾಗ ಸೊನ್ನೆ ತೋರಿಸಾಕತ್ತೈತಿ

ರಾಣೇಬೆನ್ನೂರು_ಬಿಎಸ್ಸಿ:
ಎಲ್ಲಾರಿಗೂ ನಮಸ್ಕಾರ. ಹಾವೇರಿ ಜಿಲ್ಲಾದ ಡಿಗ್ರಿ ಕಾಲೇಜಿನ್ಯಾಗ ಓದಾಕತ್ತೇನಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆ ತಾಣ ಸ್ವಯಂನಲ್ಲಿ ಎನ್‌ಪಿಟೆಲ್‌ದವರ (ಐಐಟಿಗಳು ಕೂಡಿ ನಡಸೋ ಆನ್‌ಲೈನ್ ಪಾಠದ ಯೋಜನೆ) 12 ವಾರದ ಕೋರ್ಸಿಗೆ ಸೇರೀನಿ, ಆನ್‌ಲೈನ್ ಕೋರ್ಸ್ ಇದ ಮೊದಲು. ಮೊದಲನೇ ಅಸೈನ್‌ಮೆಂಟ್ ಕಾಲೇಜ್ ಲ್ಯಾಬಿನ್ಯಾಗ ಕಳಿಸಿದೆ, ಸಬ್ಮಿಟ್ ಆಗೇತಿ ಅಂತ ಬಂತು. ಮನಿಗೆ ಬಂದು ಫೋನ್‌ನ್ಯಾಗ ತಗದ್ರ ಪ್ರೋಗ್ರೆಸ್ ಸೊನ್ನೆ. ವಿಡಿಯೋ ಓಡತಾವು, ಅಂಕ ಅಷ್ಟ ಇಲ್ಲ. ಕ್ಯಾಶ್ ಕ್ಲಿಯರ್ ಮಾಡಿದೆ, ಆ್ಯಪ್ ತಗದು ಮತ್ತ ಹಾಕಿದೆ, ಏನೂ ಬದಲಾಗಲಿಲ್ಲ. ಇದರ ಕ್ರೆಡಿಟ್, ಅಂದ್ರ ಡಿಗ್ರಿ ಲೆಕ್ಕಕ್ಕ ಸೇರೋ ಪಾಯಿಂಟ್, ಸೆಮಿಸ್ಟರಿಗೆ ಬೇಕ್ರಿ.

ಧಾರವಾಡ_ಲ್ಯಾಬ್:
ಗಾಬರಿ ಆಗಬ್ಯಾಡ್ರಿ. ಎರಡು ಮಾತು ಹೇಳ್ರಿ. ಆ ವಾರದ ಕೊನೇ ದಿನಾಂಕ ಮುಗದೈತೇನು? ಗಡುವು ಮುಗಿಯೋತನಕ ಅಂಕ ಬರೋದಿಲ್ಲ. ಆದ್ರ ಕಳಿಸಿದ ದಿನ, ಹೊತ್ತು ಅಸೈನ್‌ಮೆಂಟ್ ಪುಟದಾಗ ಕಾಣಬೇಕು. ಫೋನ್‌ನ್ಯಾಗ ಅದೂ ಇಲ್ಲಂದ್ರ ಮೂಲೆಯಲ್ಲಿರೋ ಪ್ರೊಫೈಲ್ ಒತ್ತಿ ಯಾವ ಜಿಮೇಲ್ ಐತಿ ನೋಡ್ರಿ. ಲ್ಯಾಬಿನ್ಯಾಗ ಹಾಕಿದ್ದೂ ಅದೇನಾ?

ರಾಣೇಬೆನ್ನೂರು_ಬಿಎಸ್ಸಿ:
ಗಡುವು ಮುಗದೈತ್ರಿ. ಫೋನ್‌ನ್ಯಾಗ ಹಳೇ ಜಿಮೇಲ್ ಐತಿ, ಲ್ಯಾಬಿನ್ಯಾಗ ಕಾಲೇಜಿಗೆ ಕೊಟ್ಟ ಹೊಸಾದು. ಎರಡರಾಗೂ ಕೋರ್ಸಿಗೆ ಸೇರಿದಂಗ ಕಾಣತೈತಿ!

ಧಾರವಾಡ_ಲ್ಯಾಬ್:
ಅಲ್ಲೇ ಐತಿ ನೋಡ್ರಿ ಗಂಟು. ಸ್ವಯಂ ಲೆಕ್ಕದಾಗ ನೀವೀಗ ಇಬ್ಬರು ವಿದ್ಯಾರ್ಥಿಗಳು. ಅಂಕ ಎಲ್ಲಿಗೂ ಹೋಗಿಲ್ಲ, ಹೊಸ ಐಡಿಯೊಳಗ ಅದಾವು. ಹಳೇದನ್ನ ಈ ಕೋರ್ಸಿಗೆ ಇನ್ನು ಮುಟ್ಟಬ್ಯಾಡ್ರಿ. ಫೋನ್ ಬ್ರೌಸರಿನ್ಯಾಗ ಪೂರ್ತಿ ಲಾಗ್‌ಔಟ್ ಆಗಿ ಹೊಸ ಜಿಮೇಲ್‌ನಿಂದ ಒಳಗ ಬರ್ರಿ. ಮೇಲ್‌ನ್ಯಾಗ ಬಂದ ಲಿಂಕ್ ಒತ್ತಿದ್ರ ಫೋನು ಮತ್ತ ಹಳೇ ಖಾತೆನ ಹಿಡಿಯಬಹುದು, ಅದಕ್ಕ ಪ್ರತಿ ಸಲ ಸಬ್ಮಿಟ್ ಒತ್ತೋಕಿಂತ ಮೊದಲು ಐಡಿ ನೋಡ್ರಿ.

ಇದನ್ನ ಇಷ್ಟು ಒತ್ತಿ ಹೇಳಾಕ ಕಾರಣ ಪರೀಕ್ಷೆ. ಕೋರ್ಸಿಗೆ ಸೇರೋದು ಪುಕ್ಕಟೆ, ಪರೀಕ್ಷೆ ನೋಂದಣಿ ಬ್ಯಾರೆ, ಅದಕ್ಕ ಶುಲ್ಕಾನೂ ಬ್ಯಾರೆ. ಅಸೈನ್‌ಮೆಂಟ್ ಒಂದು ಐಡಿಯಾಗ, ಪರೀಕ್ಷೆ ಇನ್ನೊಂದರಾಗ ಆದ್ರ ಎರಡೂ ಕೂಡೋದಿಲ್ಲ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪ್ರಮಾಣಪತ್ರಕ್ಕ 25ರಾಗ 10, 75ರಾಗ 30, ಎರಡೂ ಬ್ಯಾರೆ ಬ್ಯಾರೆ ದಾಟಬೇಕು. 12 ವಾರದ ಕೋರ್ಸಿನ್ಯಾಗ ಚೊಲೋ ಆದ 8 ಅಸೈನ್‌ಮೆಂಟ್ ಅಷ್ಟ ಹಿಡೀತಾರ, ಹಂಗಾಗಿ ಒಂದು ವಾರ ತಪ್ಪಿದ್ರ ಕೋರ್ಸ್ ಬಿಡಬ್ಯಾಡ್ರಿ. ಇಷ್ಟಕ್ಕ ಕೈಚೆಲ್ಲಿದ ಹುಡುಗ್ರನ್ನ ಕಂಡ್ರ ಭಾಳ ಬ್ಯಾಸರಾಗತೈತಿ.

ಗದಗ_ಬಿಕಾಂ:
ಇದರಾಗ ನಂದೊಂದು ಪ್ರಶ್ನೆ. ನಮ್ಮೂರಾಗ ನೆಟ್‌ವರ್ಕ್ ಸಂಜಿಗೆ ಬಿದ್ದುಹೋಗತೈತಿ. ವಿಡಿಯೋ ನೋಡಲಿಲ್ಲಂದ್ರ ಅಂಕ ಕಡಿಮಿ ಆಗತಾವೇನು?

ಧಾರವಾಡ_ಲ್ಯಾಬ್:
ಎನ್‌ಪಿಟೆಲ್ ಕೋರ್ಸಿನ್ಯಾಗ ವಿಡಿಯೋ ನೋಡಿದ್ದಕ್ಕ ಅಂಕ ಇಲ್ಲ. ಪಾಠದ ಬರಹ ಪಿಡಿಎಫ್ ಇದ್ರ ಕಾಲೇಜಿನ್ಯಾಗ ಇಳಿಸ್ಕೊಂಡು ಮನ್ಯಾಗ ಓದ್ರಿ, ಕೆಲವು ಕೋರ್ಸಿಗೆ ಕನ್ನಡದಾಗೂ ಸಿಗತೈತಿ. ಅಸೈನ್‌ಮೆಂಟ್ ಮಾತ್ರ ಕೊನೇ ರಾತ್ರಿಗೆ ಇಡಬ್ಯಾಡ್ರಿ. ಗಡುವಿನೊಳಗ ಎಷ್ಟು ಸಲ ಬೇಕಾದ್ರೂ ತಿದ್ದಿ ಕಳಿಸಬಹುದು, ಕೊನೇದನ್ನ ಹಿಡೀತಾರ. ಹಗಲಿಗೆ ಒಮ್ಮೆ ಕಳಿಸಿಬಿಡ್ರಿ, ಆಮ್ಯಾಲೆ ತಿದ್ರಿ.

ರಾಣೇಬೆನ್ನೂರು_ಬಿಎಸ್ಸಿ:
ಹೊಸ ಐಡಿಯಿಂದ ಬಂದೆ, ಅಂಕ ಕಂಡ್ವು! ಭಾಳ ಉಪಕಾರ ಆತ್ರಿ. ಇನ್ನು ಕ್ರೆಡಿಟ್ ತಾನಾಗೇ ಬರತೈತೇನು?

ಧಾರವಾಡ_ಲ್ಯಾಬ್:
ಇಲ್ಲ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್ ತನಕ ಸ್ವಯಂ ಮೂಲಕ ಒಪ್ಪಬಹುದು. ಆದ್ರ ಯಾವ ಕೋರ್ಸ್ ಅನ್ನೋದು ವಿಶ್ವವಿದ್ಯಾಲಯದ ಕೈಯಾಗ ಐತಿ. ನಿಮ್ಮ ಕೋರ್ಸಿನ ಹೆಸರು, ಕೋಡ್ ಹಾಕಿ ವಿಭಾಗಕ್ಕ ಒಂದು ಅರ್ಜಿ ಕೊಟ್ಟು, ಒಪ್ಪಿಗಿ ಬರವಣಿಗಿಯಾಗ ಇಸ್ಕೊಳ್ರಿ. ಬಾಯಿಮಾತು ನಂಬಬ್ಯಾಡ್ರಿ. ಗಳಿಸಿದ ಕ್ರೆಡಿಟ್ ಜಮಾ ಆಗೋ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ದ 12 ಅಂಕಿ ಐಡಿ, ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್‌ನ್ಯಾಗ ಮಾಡ್ಕೊಳ್ರಿ. ಪರೀಕ್ಷೆ ಫಾರ್ಮಿನ್ಯಾಗ ಹೆಸರು ಮಾರ್ಕ್ಸ್‌ಕಾರ್ಡಿನ್ಯಾಗ ಇದ್ದಂಗ ಬರೀರಿ, ಇನಿಷಿಯಲ್ ಸೈತ. ಪರೀಕ್ಷೆ ಕೇಂದ್ರಕ್ಕ ಹೋಗೇ ಬರೀಬೇಕು. ಊರು ಆರಿಸೋ ಪಟ್ಟಿಯೊಳಗ ಹುಬ್ಬಳ್ಳಿ ಐತೇನು ನೋಡ್ರಿ, ನಿಮಗ ರೈಲಿಗೆ ಅನುಕೂಲ.