‘7 ದಿನದಲ್ಲಿ ಮೆಟಬಾಲಿಸಂ ರೀಸೆಟ್’: ಒಂದು ಪೋಸ್ಟರ್, ಬ್ಯಾಚ್ ಗುಂಪಿನಲ್ಲಿ ಒಂದು ಸಂಜೆ

ಗುಂಪು: ಬಿಎಸ್ಸಿ ಬ್ಯಾಚ್, ತುಮಕೂರು

ರಂಗಸ್ವಾಮಿ: (ಫಾರ್ವರ್ಡ್ ಮಾಡಿದ ಚಿತ್ರ) ವರ್ಷಗಟ್ಟಲೆ ಡಯಟ್ ಮಾಡಿ ತೂಕ ನಿಂತುಹೋಗಿದೆಯಾ? 3 ದಿನ ಜೀರಿಗೆ ನೀರು, ಗಂಜಿ ತಿಳಿ. 4ನೇ ದಿನದಿಂದ ಹಣ್ಣು ಮಾತ್ರ. 7ನೇ ದಿನಕ್ಕೆ ಮೆಟಬಾಲಿಸಂ ರೀಸೆಟ್, 3 ಕೆಜಿ ಇಳಿಕೆ ಗ್ಯಾರಂಟಿ!

ಉಮಾ: ರಂಗ, ಇದನ್ನ ಇಲ್ಲಿಗೇ ನಿಲ್ಸು. ಮೆಟಬಾಲಿಸಂ ಅಂದ್ರೆ ದೇಹ ಶಕ್ತಿ ಖರ್ಚು ಮಾಡೋ ವೇಗ. ಗಂಜಿ ತಿಳಿ ಕುಡ್ಕೊಂಡಿದ್ರೆ ದಿನಕ್ಕೆ 300 ಕ್ಯಾಲೊರಿ ಹೋಗೋದೂ ಕಷ್ಟ. ಕಡಿಮೆ ತಿಂದೂ ತಿಂದೂ ಸೊರಗಿರೋ ದೇಹಕ್ಕೆ ಇನ್ನೂ ಕಡಿಮೆ ಕೊಟ್ಟು ಚುರುಕು ಮಾಡ್ತೀನಿ ಅನ್ನೋದು, ಬಡಕಲು ಎತ್ತಿಗೆ ಮೇವು ನಿಲ್ಸಿ ನೇಗಿಲು ಕಟ್ಟಿದಂಗೆ.

ರಂಗಸ್ವಾಮಿ: 3 ಕೆಜಿ ಇಳಿಯಲ್ವಾ ಹಂಗಾದ್ರೆ?

ನಾಗರಾಜ: ಇಳಿಯುತ್ತೆ. ನೀರು. ಸ್ನಾಯು, ಲಿವರ್ ಎರಡರಲ್ಲೂ ಸೇರಿ ಸುಮಾರು 400-500 ಗ್ರಾಂ ಗ್ಲೈಕೊಜನ್ (ದೇಹ ಕೂಡಿಟ್ಟ ಸಕ್ಕರೆ) ಇರುತ್ತೆ, ಒಂದೊಂದು ಗ್ರಾಮೂ 3 ಗ್ರಾಂ ನೀರು ಹಿಡ್ಕೊಂಡಿರುತ್ತೆ. ಅದು ಖಾಲಿ, ಹೊಟ್ಟೆನೂ ಖಾಲಿ, ಅಲ್ಲಿಗೆ 2-3 ಕೆಜಿ ಆಯ್ತು. ಕೊಬ್ಬಿನ ಲೆಕ್ಕದಲ್ಲಿ ನೋಡು: ಕೆಜಿಗೆ ಸುಮಾರು 7,700 ಕ್ಯಾಲೊರಿ. 3 ಕೆಜಿ ಕರಗಬೇಕಂದ್ರೆ 7 ದಿನ ದಿನಾ 3,300 ಕೊರತೆ ಬೀಳಬೇಕು. ದಿನದ ಖರ್ಚೇ ಅಷ್ಟಿರಲ್ವಲ್ಲೋ.

ಶಫಿ: ನಾನು ಹೇಳೋದು ಬೇರೆ. ಶುಗರ್‌ಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳೋರು ಮಾಮೂಲಿ ಡೋಸ್ ಹಾಕ್ಕೊಂಡು ಗಂಜಿ ತಿಳಿ ಕುಡಿದ್ರೆ ಸಕ್ಕರೆ ದಿಢೀರ್ ಅಂತ ಬೀಳುತ್ತೆ. ಪೋಸ್ಟರ್‌ನಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ರಂಗಸ್ವಾಮಿ: ಪೋಸ್ಟರ್ ಬಿಡಿ. ಡಯಟ್ ಮಾಡಿ ಮಾಡಿ ಮೆಟಬಾಲಿಸಂ ಹಾಳಾಗುತ್ತೆ ಅನ್ನೋದೂ ಸುಳ್ಳಾ?

ಉಮಾ: ಹಾಳಾಗಲ್ಲ, ಇಳಿಯುತ್ತೆ. ಎರಡೂ ಒಂದೇ ಅಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಗಂಡಸರನ್ನ 24 ವಾರ ಅರೆಹೊಟ್ಟೇಲಿ ಇಟ್ಟಿದ್ರು. ತೂಕ ಕಾಲು ಭಾಗ ಹೋಯ್ತು, ವಿಶ್ರಾಂತಿಯಲ್ಲಿ ಖರ್ಚಾಗೋ ಶಕ್ತಿ ಹೆಚ್ಚುಕಡಿಮೆ ಶೇ 40 ಇಳೀತು. ಅದರಲ್ಲಿ ದೊಡ್ಡ ಪಾಲು ದೇಹವೇ ಸಣ್ಣದಾಗಿದ್ದಕ್ಕೆ, ಉಳಿದದ್ದು ದೇಹ ಕೈ ಬಿಗಿ ಹಿಡಿದಿದ್ದಕ್ಕೆ. ವಾಪಸ್ ಊಟ ಹಾಕಿದ ಮೇಲೆ ಏರ್ತು. ಗಮನಿಸು, ಊಟ ಹಾಕಿದ ಮೇಲೆ!

ನಾಗರಾಜ: ಎಲ್ಲರಿಗೂ ಏರಲ್ಲ ಉಮಾ. ತೂಕ ಇಳಿಸೋ ‘ಬಿಗ್ಗೆಸ್ಟ್ ಲೂಸರ್’ ಟೀವಿ ಸ್ಪರ್ಧೇಲಿದ್ದ 14 ಜನರನ್ನ 6 ವರ್ಷ ಆದ್ಮೇಲೆ ಸಂಶೋಧಕ ಕೆವಿನ್ ಹಾಲ್ ತಂಡ ಅಳೆದಾಗ, ಅವರ ಮೈಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿನೇ ಖರ್ಚಾಗ್ತಿತ್ತು. 2016ರಲ್ಲಿ ಬಂದ ವರದಿ.

ಉಮಾ: ದಿನಕ್ಕೆ ಗಂಟೆಗಟ್ಟಲೆ ಬೆವರಿಳಿಸಿ, ಕೆಲವೇ ತಿಂಗಳಲ್ಲಿ ಸರಾಸರಿ 58 ಕೆಜಿ ಕಳ್ಕೊಂಡೋರು ಅವರು. ಅದನ್ನ ತಂದು ನಮ್ಮ ಕಡೆ ಎರಡು ವರ್ಷ ರಾತ್ರಿ ಚಪಾತಿ ತಿಂದು 6 ಕೆಜಿ ಇಳಿಸಿದೋರಿಗೆ ಅಂಟಿಸಬೇಡ. ಇವರಲ್ಲಿ ವಿಶ್ರಾಂತಿಯ ಖರ್ಚು ಇರಬೇಕಾದ್ದಕ್ಕಿಂತ 50ರಿಂದ 150 ಕಮ್ಮಿ ಇದ್ರೆ ಹೆಚ್ಚು.

ಮಂಜುಳ: ಬರೀ ವಾದ ಬೇಡ, ಲೆಕ್ಕ ಹಾಕಿ. ಹೆಂಗಸು, 42 ವರ್ಷ, 158 ಸೆಂಮೀ, 68 ಕೆಜಿ. ‘1,200 ತಿಂತೀನಿ, 4 ವಾರದಲ್ಲಿ ಬರೀ 400 ಗ್ರಾಂ ಇಳೀತು’ ಅಂತಾರೆ ಅಂತಿಟ್ಕೊಳ್ಳಿ.

ಉಮಾ: ವಿಶ್ರಾಂತಿಯ ಖರ್ಚು ಅಂದಾಜು ಮಾಡೋ ಮಿಫ್ಲಿನ್ ಸೂತ್ರ: ತೂಕ × 10, ಎತ್ತರ × 6.25, ಎರಡೂ ಕೂಡು. ಅದರಿಂದ ವಯಸ್ಸು × 5 ಕಳಿ, ಹೆಂಗಸರಿಗೆ ಇನ್ನೂ 161 ಕಳಿ. ಸುಮಾರು 1,300. ಮನೆಗೆಲಸ, ಸ್ವಲ್ಪ ಓಡಾಟಕ್ಕೆ 1.4ರಿಂದ ಗುಣಿಸಿದ್ರೆ 1,800ರ ಆಸುಪಾಸು. ಇನ್ನೊಂದು ಕಡೆಯಿಂದ ಬಾ: 400 ಗ್ರಾಂ ಅಂದ್ರೆ 3,080 ಕ್ಯಾಲೊರಿ, 28 ದಿನಕ್ಕೆ ಹಂಚಿದ್ರೆ ದಿನಕ್ಕೆ 110 ಕೊರತೆ. ಆ 1,200 ನಿಜ ಆಗಿದ್ರೆ ಇಡೀ ದಿನದ ಖರ್ಚು ಬರೀ 1,310. ಎದ್ದೇಳದೆ ಹಾಸಿಗೇಲಿ ಮಲಗಿರೋರ ಖರ್ಚದು.

ಮಂಜುಳ: ಅಂದ್ರೆ 500ರ ವ್ಯತ್ಯಾಸ. ‘ನಿಧಾನ ಆಗಿದೆ’ ಅನ್ನೋದಕ್ಕೆ 150 ಕೊಡೋಣ. ಉಳಿದ 350?

ನಾಗರಾಜ: ಓಡಾಟ. ಹಸಿದ ದೇಹ ಗೊತ್ತಾಗದಂಗೆ ಕೂತ್ಕೊಂಡ್ಬಿಡುತ್ತೆ. ಮೆಟ್ಟಿಲು ಹತ್ತೋ ಕಡೆ ಲಿಫ್ಟು, ಪಾತ್ರೆ ತೊಳೆಯೋದು ಆಮೇಲೆ, ನಿಂತು ಮಾತಾಡೋರು ಗೋಡೆಗೆ ಒರಗ್ತಾರೆ. ಬೆಳಿಗ್ಗೆ ಅಮಾನಿಕೆರೆ ಸುತ್ತು ಹಾಕಿದ್ದು 40 ನಿಮಿಷ, ಉಳಿದ ದಿನ ಪೂರ್ತಿ ಸೋಫಾ.

ಉಮಾ: ಅದೂ ಇದೆ, ಆದ್ರೆ ದೊಡ್ಡ ಕಳ್ಳ ಅಡುಗೆಮನೇಲಿ. ಎಣ್ಣೆಯಿಂದ ಶುರು ಮಾಡಿ. ನಾಲ್ಕು ಜನ ಇರೋ ಮನೇಲಿ ತಿಂಗಳಿಗೆ 4 ಲೀಟರ್ ಖರ್ಚಾದ್ರೆ ತಲೆಗೆ ದಿನಕ್ಕೆ ಸುಮಾರು 270 ಕ್ಯಾಲೊರಿ. ‘ಒಂದು ಚಮಚ ಒಗ್ಗರಣೆ’ ಅಂತ ಬರೆದುಕೊಂಡಿದ್ರೆ ಅದರಲ್ಲಿ ಐದು-ಆರರಲ್ಲಿ ಒಂದು ಪಾಲು ಮಾತ್ರ ಪುಸ್ತಕದಲ್ಲಿರುತ್ತೆ. ಕ್ಯಾನ್ ತೆಗೆದ ದಿನ ಅದರ ಮೇಲೆ ತಾರೀಖು ಬರೀರಿ, ಖಾಲಿಯಾದ ದಿನ ಭಾಗಿಸಿ. ಇದಕ್ಕಿಂತ ಪ್ರಾಮಾಣಿಕ ಆ್ಯಪ್ ಇಲ್ಲ.

ಉಮಾ: ಕಾಫಿ: 100 ಎಂಎಲ್ ಹಾಲು, 2 ಚಮಚ ಸಕ್ಕರೆ, ಲೋಟಕ್ಕೆ 100 ಕ್ಯಾಲೊರಿ. ದಿನಕ್ಕೆ 3 ಲೋಟ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ‘ಇಡ್ಲಿ 1’ ಅಂತ ಬರೀತಾರೆ. ತೂಕಕ್ಕೆ ಇಟ್ರೆ ಮನೆ ಇಡ್ಲಿ ಎರಡು-ಮೂರಕ್ಕೆ ಸಮ, ಮೇಲೆ ಬೆಣ್ಣೆ ಬೇರೆ.

ಮಂಜುಳ: ಉಲ್ಟಾ ತಪ್ಪೂ ಇದೆ. 100 ಗ್ರಾಂ ರಾಗಿ ಹಿಟ್ಟಿಗೆ 320 ಕ್ಯಾಲೊರಿ. ಆ ಹಿಟ್ಟಲ್ಲಿ ಕಟ್ಟಿದ ಮುದ್ದೆ 250-300 ಗ್ರಾಂ ತೂಗುತ್ತೆ. ಮುದ್ದೆ ತೂಗಿ ಹಿಟ್ಟಿನ ಲೆಕ್ಕ ಹಾಕಿದೋರು 900 ತಿಂದ್ವಿ ಅಂತ ಹೆದರಿ ಮುದ್ದೆನೇ ಬಿಟ್ಟುಬಿಡ್ತಾರೆ. ಹಸಿ ಹಿಟ್ಟು, ಹಸಿ ಅಕ್ಕಿ, ಒಣ ಕಾಳು ತೂಗಬೇಕು.

ರಂಗಸ್ವಾಮಿ: ಅದಿರಲಿ, ನಲವತ್ತು ದಾಟಿದ ಮೇಲೆ ಸಹಜವಾಗಿ ನಿಧಾನ ಆಗುತ್ತಲ್ಲ?

ಶಫಿ: 2021ರಲ್ಲಿ 6,400ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿ ನೋಡಿದ್ರು. ದೇಹದ ಗಾತ್ರ ಲೆಕ್ಕಕ್ಕೆ ತಗೊಂಡ್ರೆ 20ರಿಂದ 60ರವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ. ಸ್ನಾಯು ಕರಗುತ್ತೆ, ಓಡಾಟ ಕಮ್ಮಿಯಾಗುತ್ತೆ, ವಯಸ್ಸಿನ ಮೇಲೆ ಹಾಕ್ತೀವಿ.

ರಂಗಸ್ವಾಮಿ: ಸರಿ, ನಿಜವಾಗ್ಲೂ 1,200ರಲ್ಲಿ ವರ್ಷಗಟ್ಟಲೆ ಇದ್ದೋರು ಏನು ಮಾಡಬೇಕು?

ನಾಗರಾಜ: ರಿವರ್ಸ್ ಡಯಟ್. ವಾರಕ್ಕೆ 50 ಕ್ಯಾಲೊರಿ ಏರಿಸ್ತಾ ಹೋಗೋದು. ದೇಹಕ್ಕೆ ಗೊತ್ತಾಗದಂಗೆ ಮೆಟಬಾಲಿಸಂ ಏರುತ್ತೆ.

ಉಮಾ: 1,200ರಿಂದ 1,700ಕ್ಕೆ ಹತ್ತು ವಾರ! ಅಷ್ಟು ದಿನವೂ ಹಸಿವಲ್ಲೇ ಇಡ್ತೀಯಾ? 50 ಅಂದ್ರೆ ಒಂದು ಚಮಚ ಎಣ್ಣೆ. ಅಡುಗೆಮನೆ ತಕ್ಕಡೀಲಿ ಅಷ್ಟು ನಿಖರವಾಗಿ ಅಳೆಯೋಕೆ ಆಗಲ್ಲ. ಎರಡು ವಾರದಲ್ಲಿ ನೇರ 1,600-1,700ಕ್ಕೆ ತಂದು ಅಲ್ಲೇ 8-12 ವಾರ ನಿಲ್ಸು.

ನಾಗರಾಜ: ಒಂದೇ ಸಲ ಏರಿಸಿದ್ರೆ ಮೊದಲ ವಾರವೇ ತೂಕ ಒಂದೂವರೆ ಕೆಜಿ ಏರುತ್ತೆ, ಅವರು ಗಾಬರಿಬಿದ್ದು ವಾಪಸ್ 1,200ಕ್ಕೆ ಓಡ್ತಾರೆ. ನನ್ನ 50ರ ಲೆಕ್ಕ ಮೆಟಬಾಲಿಸಂಗಿಂತ ಮನಸ್ಸಿಗೆ, ಒಪ್ಕೋತೀನಿ.

ಉಮಾ: ಗ್ಲೈಕೊಜನ್ ನೀರು ಹಿಡ್ಕೊಂಡಿರುತ್ತೆ ಅಂತ ನೀನೇ ಮೇಲೆ ಹೇಳಿದ್ದೀಯ, ಊಟ ಏರಿಸಿದ್ರೆ ಅದೇ ನೀರು ವಾಪಸ್ ಬರುತ್ತೆ. ಮೊದಲೇ ಅವರಿಗೂ ಹೇಳು. ದಿನಾ ಬೆಳಿಗ್ಗೆ ಶೌಚ ಆದ್ಮೇಲೆ, ಏನೂ ಕುಡಿಯೋಕೆ ಮುಂಚೆ ತೂಕ. ನೋಡಬೇಕಾದ್ದು 7 ದಿನದ ಸರಾಸರಿ. ಮೂರನೇ ವಾರದಿಂದಾಚೆಗೂ ಸರಾಸರಿ ವಾರಕ್ಕೆ 200-300 ಗ್ರಾಂ ಏರ್ತಿದ್ರೆ ದಿನಕ್ಕೆ 150-200 ಇಳಿಸು. ಹೆಂಗಸರಲ್ಲಿ ಮುಟ್ಟಿನ ಮುಂಚಿನ ವಾರ ನೀರು ನಿಲ್ಲುತ್ತೆ, ಹಾಗಾಗಿ ಈ ತಿಂಗಳ ಆ ವಾರವನ್ನ ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಸೊಂಟಕ್ಕೆ ಟೇಪು 15 ದಿನಕ್ಕೊಮ್ಮೆ.

ಮಂಜುಳ: 1,700 ಅಂದ್ರೆ ತಟ್ಟೇಲಿ ಎಷ್ಟು?

ಉಮಾ: ರಾಗಿ ಹಿಟ್ಟು 100 ಗ್ರಾಂ, ಅಕ್ಕಿ 80, ಹುರುಳಿ ಅಥವಾ ಬೇಳೆ ಒಣದು 60, ಸೋಯಾ ಚಂಕ್ಸ್ 30, ಮೊಟ್ಟೆ 2, ಹಾಲು ಮೊಸರು ಸೇರಿ 400 ಎಂಎಲ್, ಕಡ್ಲೆಕಾಯಿ ಬೀಜ 20, ಎಣ್ಣೆ 20. ಸೊಪ್ಪು, ತರಕಾರಿ, ಒಂದು ಹಣ್ಣು ಬೇರೆ. ಪ್ರೋಟೀನ್ 70 ಗ್ರಾಂ ಮೇಲೆ ಬರುತ್ತೆ. ಮೊಟ್ಟೆ ತಿನ್ನದಿದ್ರೆ ಪನೀರ್ 60 ಗ್ರಾಂ, ಎಣ್ಣೆ ಒಂದು ಚಮಚ ಕಮ್ಮಿ. ಅವರೆಕಾಯಿ ಕಾಲದಲ್ಲಿ ಹುರುಳಿ ಬದಲು ಅವರೆಕಾಳು ಹಾಕಬಹುದು. ಆದ್ರೆ ಹಸಿ ಕಾಳಲ್ಲಿ ನೀರಿರುತ್ತೆ, ಒಣ ಕಾಳಿನ ತೂಕ ಅದಕ್ಕೆ ನಡೆಯಲ್ಲ, ಎರಡು-ಮೂರು ಪಟ್ಟು ಬೇಕು.

ಶಫಿ: ಕಿಡ್ನಿ ತೊಂದರೆ ಇದ್ರೆ ಈ ಪ್ರೋಟೀನ್ ಡಾಕ್ಟರ್ ಕೇಳದೆ ಬೇಡ.

ನಾಗರಾಜ: ಊಟ ಏರಿಸಿ ಸುಮ್ನೆ ಕೂತ್ರೆ ಬರೋದು ಕೊಬ್ಬು. ವಾರಕ್ಕೆ 3 ದಿನ: ಕುರ್ಚಿಯಿಂದ ಎದ್ದು ಕೂರೋದು, ನೆಲದಿಂದ ಭಾರ ಎತ್ತೋದು, ತಳ್ಳೋದು, ಎಳೆಯೋದು. ಒಂದೊಂದು 3 ಸುತ್ತು, ಸುತ್ತಿಗೆ 8-12 ಸಲ. ಕೊನೆಯ ಎರಡು ಸಲ ಕಷ್ಟ ಆಗಬೇಕು. 12 ಸಲೀಸಾದ್ರೆ ಭಾರ ಏರಿಸಿ. 5 ಲೀಟರ್ ಎಣ್ಣೆ ಕ್ಯಾನ್‌ಗೆ ನೀರು ತುಂಬಿಸಿದ್ರೂ ಶುರು ಮಾಡೋಕೆ ಸಾಕು. (ಉಮಾ, ನಿನ್ನ ಕ್ಯಾನ್‌ಗೂ ಕೆಲಸ ಸಿಕ್ತು.)

ಮಂಜುಳ: ಎರಡು ವಾರ ಡಯಟ್, ಎರಡು ವಾರ ಬಿಡುವು ಅಂತಾರಲ್ಲ?

ಉಮಾ: 2017ರ ‘ಮ್ಯಾಟಡಾರ್’ ಪ್ರಯೋಗ. ಬೊಜ್ಜಿದ್ದ ಗಂಡಸರಲ್ಲಿ ಬಿಡುವು ಕೊಟ್ಟೋರಿಗೆ ಹೆಚ್ಚು ತೂಕ ಇಳೀತು. ಆಮೇಲಿನ ಪ್ರಯೋಗಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. ಹಸಿವಿಂದ ಸ್ವಲ್ಪ ಉಸಿರು ಸಿಗುತ್ತೆ ಅಂತ ಬಿಡುವು ತಗೋ, ಮೆಟಬಾಲಿಸಂ ಏರುತ್ತೆ ಅಂತ ಅಲ್ಲ.

ಶಫಿ: ತೂಕ ನಿಂತ ತಕ್ಷಣ ಥೈರಾಯ್ಡ್ ಮಾತ್ರೆ ಕೇಳೋರಿಗೆ: ಬಹಳ ದಿನ ಕಮ್ಮಿ ತಿಂದ್ರೆ ಟಿ3 (ಥೈರಾಯ್ಡ್ ಹಾರ್ಮೋನು) ಇಳಿಯುತ್ತೆ, ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಹೇಳೋ ಹಾರ್ಮೋನು) ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಅದು ಥೈರಾಯ್ಡ್ ಕಾಯಿಲೆ ಅಲ್ಲ, ಮಾತ್ರೆ ತಗೊಂಡ್ರೆ ಎದೆಬಡಿತ ಏರುತ್ತೆ, ಮೂಳೆ ಸವೆಯುತ್ತೆ. ಮುಟ್ಟು 3 ತಿಂಗಳು ನಿಂತಿದ್ರೆ, ಕೂದಲು ಗೊಂಚಲಾಗಿ ಉದುರ್ತಿದ್ರೆ, ತಲೆ ಸುತ್ತು ಇದ್ರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಈ ಲೆಕ್ಕಾಚಾರ.

ರಂಗಸ್ವಾಮಿ: ಪೋಸ್ಟರ್ ಡಿಲೀಟ್ ಮಾಡಿದೆ. ಕೋಲಾರದ ನೆಂಟರ ಗುಂಪಿಗೂ ಹಾಕಿದ್ದೆ, ಅಲ್ಲಿ ಟೈಮ್ ಮೀರಿದೆ, ಡಿಲೀಟ್ ಆಗ್ತಿಲ್ಲ.

ಶಫಿ: ಅಲ್ಲಿ ಶುಗರ್ ಮಾತ್ರೆ ತಗೊಳ್ಳೋರು ಯಾರಿದ್ದಾರೆ? ಅವರಿಗೆ ಮೆಸೇಜ್ ಸಾಲದು ಕಣೋ, ಈಗಲೇ ಫೋನ್ ಮಾಡು.